ಬಿಸಿ ಎಂಜಿನ್ನಿಗೆ ಎರಡು ನಿಮಿಷ

ಪುಣೆಯ ಅಂಚಿನ ನಿಗಡಿಯ ನಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಕಾಕಾ. ಮರಾಠಿ ಮನೆಯವರೂ ಕಾಕಾ ಅನ್ನುತ್ತಿದ್ದರು, ಧಾರವಾಡ, ವಿಜಾಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಾವು ನಾಲ್ಕೈದು ಮನೆಯವರೂ ಕಾಕಾ ಅನ್ನುತ್ತಿದ್ದೆವು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಇಲ್ಲಿ ನಾನೂ ಕರೆಯುವುದಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ಅವತ್ತಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂರುತ್ತೇನೆ. ಎಲ್ಲಿಂದ ಶುರು ಮಾಡಿದರೂ ಮಾತು ಎಂಜಿನ್ ಆಯಿಲಿಗೇ ಬಂದು ನಿಲ್ಲುತ್ತದೆ. ಸತ್ತವರ ನೆನಪನ್ನು ಒಂದು ಡಬ್ಬಿ ಎಣ್ಣೆಯಿಂದ ತೆಗೆಯುವುದು ಸರಿಯೋ ತಪ್ಪೋ ತಿಳಿಯದು. ಈಗ ನನಗೆ ಯಾವುದೂ ಸರಿಯಾಗಿ ತಿಳಿಯುತ್ತಿಲ್ಲ, ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ನಾನು ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಪೆನ್ಸಿಲು, ಸ್ಕೇಲು, ರಬ್ಬರಿನ ಮನುಷ್ಯ. ಹೋಟೆಲಿನಲ್ಲಿ ತಣ್ಣಗಿನ ಚಹಾ ತಂದಿಟ್ಟರೂ ಕುಡಿದು ಎದ್ದು ಬರುವ ಸ್ವಭಾವ. ಅಂಥವನು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಭೋಸರಿಯ ಒಂದು ಗ್ಯಾರೇಜಿನಲ್ಲಿ ಅದಕ್ಕೆ ಟರ್ಬೊ ಕೂರಿಸಿಬಿಟ್ಟೆ. ಟರ್ಬೊ ಎಂದರೆ ಬಸವನಹುಳುವಿನ ಆಕಾರದ ಒಂದು ಸಣ್ಣ ಯಂತ್ರ. ಎಂಜಿನ್ನಿನಿಂದ ಹೊರಬೀಳುವ ಹೊಗೆಯೇ ಅದರ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ, ಗಾಡಿ ಓಡುವುದನ್ನು ಬಿಟ್ಟು ಹಾರುತ್ತದೆ. ತಳೇಗಾಂವ ಬಿಟ್ಟ ಮೇಲೆ ದೇಹೂ ರೋಡಿನ ತನಕ ರಸ್ತೆ ಖಾಲಿ ಸಿಕ್ಕಿತೆಂದರೆ ನಾನು ಆಕ್ಸಿಲರೇಟರಿನ ಮೇಲೆ ಕಾಲು ಒತ್ತುತ್ತಿದ್ದೆ. ಬೆನ್ನು ಸೀಟಿಗೆ ಅಂಟುತ್ತಿತ್ತು. ಮ್ಯಾನೇಜರು, ಡ್ರಾಯಿಂಗು, ಪಾಳಿ ಎಲ್ಲವೂ ಹಿಂದೆ ಉಳಿಯುತ್ತಿದ್ದವು. ಕಾಲು ತೆಗೆದರೆ ‘ಫುಸ್’ ಎಂದು ಗಾಳಿ ಬಿಡುತ್ತಿತ್ತು. ನನ್ನ ಹೆಂಡತಿ ಕಾರಿಗೆ ಕುಕ್ಕರ್ ಎಂದೇ ಹೆಸರಿಟ್ಟಿದ್ದಳು.

ಎಂಟೇ ತಿಂಗಳಿಗೆ ಆ ಟರ್ಬೊ ಸುಟ್ಟುಹೋಯಿತು. ಗ್ಯಾರೇಜಿನವನು ಬಿಚ್ಚಿ ಒಳಗಿನ ಕಡ್ಡಿಯನ್ನು ನನ್ನ ಅಂಗೈಗೆ ಇಟ್ಟ. ಅದರ ಮೇಲೆ ಕಪ್ಪಗೆ ಗಟ್ಟಿ ಹೆಪ್ಪು ಕಟ್ಟಿತ್ತು. “ತೇಲ್ ಜಳಾಲಂ ಸಾಹೇಬ್,” ಎಂದ. ಎಣ್ಣೆ ಸುಟ್ಟಿದೆ, ಎಣ್ಣೆಯೇ ಸರಿಯಿಲ್ಲ ಅನ್ನುವುದು ಅವನ ತೀರ್ಪು. ಎರಡನೆಯ ಟರ್ಬೊ ಕೂರಿಸಿಕೊಂಡು ಮನೆಗೆ ಬಂದ ದಿನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. “ನೋಡ್ರಿ, ಇದು ಎರಡನೇದು. ಇದೂ ಸುಟ್ಟಿತಂದ್ರ ಗಾಡಿ ಮಾರಿಬಿಡೂದು. ಹೂಂ ಅನ್ರಿ.” ನಾನು ಹೂಂ ಅಂದೆ. ಆ ಗಾಡಿ ಹೋದರೆ ದಿನಕ್ಕೆ ಹದಿನೈದು ನಿಮಿಷ ನಾನು ಬೇರೆ ಮನುಷ್ಯನಾಗುವುದೂ ಹೋಗುತ್ತದೆಂದು ಅವಳಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಯಾವ ಎಣ್ಣೆ ಹಾಕಬೇಕೆಂದು ಹುಡುಕಲು ಹೊರಟೆ.

ಹುಡುಕಿದಷ್ಟೂ ತಲೆ ಕೆಟ್ಟಿತು. ಗ್ಯಾರೇಜಿನವನು ಪೂರ್ತಿ ಸಿಂಥೆಟಿಕ್, ನೀರಿನಂತೆ ತೆಳ್ಳಗಿರುವುದನ್ನೇ ಹಾಕಿ ಅಂದ. ಬೇರೆ ಏನಾದರೂ ಹಾಕಿದರೆ ತಾನು ಜವಾಬ್ದಾರನಲ್ಲ ಎಂದೂ ಸೇರಿಸಿದ. ಎಣ್ಣೆ ಅಂಗಡಿಯವನು ಪುಣೆಯ ಏಪ್ರಿಲ್ ಬಿಸಿಲಿಗೆ ತೆಳು ಎಣ್ಣೆ ಹಾಕುವುದು ಮೂರ್ಖತನ, ದಪ್ಪದ್ದೇ ಬೇಕು ಅಂದ. ಆಫೀಸಿನ ಗೆಳೆಯನೊಬ್ಬ, ಟರ್ಬೊ ಇರುವುದು ಡೀಸೆಲ್ ಟ್ರಕ್ಕಿಗೆ, ಆದ್ದರಿಂದ ಟ್ರಕ್ಕಿನ ಎಣ್ಣೆ ಹಾಕು ಅಂದ. ಸೈಬರ್ ಕೆಫೆಯಲ್ಲಿ ಕೂತು ಹುಡುಕಿದರೆ ಹಿಮ ಬೀಳುವ ದೇಶಗಳವರು ತಮ್ಮ ತಮ್ಮಲ್ಲೇ ಜಗಳವಾಡುತ್ತಿದ್ದರು. ಡಬ್ಬಿಯ ಮೇಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ಎಂಜಿನ್ ತಣ್ಣಗಿರುವಾಗಿನ ಲೆಕ್ಕ, ಎರಡನೆಯದು ಬಿಸಿಯಾದಾಗಿನದು ಅನ್ನುವಷ್ಟು ಕಲಿತೆ. ಕಲಿತ ಮೇಲೆ ಗೊಂದಲ ಇಮ್ಮಡಿಯಾಯಿತು. ರಾತ್ರಿ ಊಟಕ್ಕೆ ಕೂತಾಗಲೂ ಬಾಯಲ್ಲಿ ಹತ್ತು ನಲವತ್ತು, ಹದಿನೈದು ನಲವತ್ತು, ಇಪ್ಪತ್ತು ಐವತ್ತು. ಮಗ್ಗಿ ಮರೆತವನಂತೆ ಆಡುತ್ತೀರಿ ಎಂದು ಹೆಂಡತಿ ನಗುತ್ತಿದ್ದಳು.

ಕಾಕಾ ಅವರ ಬಳಿ ಹೋಗಿದ್ದು ಈ ಸ್ಥಿತಿಯಲ್ಲಿ. ದೇಹೂ ರೋಡಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಓಣಿಯ ಬಾಯಲ್ಲಿ, ರಿಕ್ಷಾ ನಿಲ್ದಾಣಕ್ಕೆ ಎದುರಾಗಿ, ನೆಲಮಹಡಿಯ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಬಂದುಹೋಗುವ ನೆಂಟರು, ಮನೆ ತುಂಬ ಗಲಗಲ. ಬಲಗಿವಿ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲವಾದ್ದರಿಂದ ಕೂಗಿ ಮಾತಾಡುವರು. ಪಟ್ಟೆ ಪಟ್ಟೆಯ ಪೈಜಾಮ, ಬನಿಯನ್ನು, ಹೆಗಲ ಮೇಲೊಂದು ಟವೆಲ್ಲು. ಎಂಜಿನ್ನಿನ ಸದ್ದನ್ನು ಕಿವಿಯಿಂದ ಕೇಳುತ್ತಿರಲಿಲ್ಲ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಎಂಜಿನ್ನಿನ ಜೊತೆ ಮಾತಾಡುವಾಗ ಮಾತ್ರ ಮಿಲಿಟರಿ ಹಿಂದಿ. “ಚಲ್ ಬೇಟಾ, ಬೋಲ್,” ಅನ್ನುವರು. ಗಾಡಿಗೆ ಏನೇ ಆದರೂ ಓಣಿಯವರೆಲ್ಲ ಅವರನ್ನು ಕೇಳಿಯೇ ಗ್ಯಾರೇಜಿಗೆ ಹೋಗುತ್ತಿದ್ದರು.

ಅವರ ಸಲಹೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ದಿನವೂ ಮುಂಬಯಿಗೆ ಹೋಗಿಬರುವ ಟ್ಯಾಕ್ಸಿಯವನಿಗೆ, ಎಣ್ಣೆ ಬದಲಿಸಲು ಇಷ್ಟು ಅವಸರ ಯಾಕೆ ಎಂದು ಬೈದರು. ಭಾನುವಾರಕ್ಕೊಮ್ಮೆ ಹತ್ತಿರದ ಗಣಪತಿ ಗುಡಿಗೆಂದು ಗಾಡಿ ತೆಗೆಯುವ ಬ್ಯಾಂಕಿನ ಸಾಹೇಬರಿಗೆ, ಇನ್ನೂ ಬದಲಿಸಿಲ್ಲವೇ ಎಂದು ಬೈದರು. ನಾನು ಅಲ್ಲೇ ಇದ್ದೆ. ಇದು ಉಲ್ಟಾ ಅಲ್ಲವೇ ಎಂದು ಕೇಳಿದೆ.

“ಅಂವನ ಎಂಜಿನ್ ಮುಂಜಾನೆ ಬಿಸಿ ಆತಂದ್ರ ಸಂಜೀತನಕ ಬಿಸೀನ ಇರ್ತದ. ಸಾಹೇಬ್ರ ಗಾಡಿ ಬಿಸಿ ಆಗೂದರಾಗ ಗಣಪತಿ ಗುಡಿ ಬಂದ ಬಿಡ್ತದ. ಹಸೀ ಎಂಜಿನ್ನಿನಾಗ ಎಣ್ಣಿ ಲಗೂನ ಕೆಡ್ತದ ತಮ್ಮಾ. ಕಿಲೋಮೀಟರ್ ಕೇಳಬ್ಯಾಡ, ಗಾಡಿ ಹೆಂಗ ಬದಕ್ತದ ಕೇಳು.”

ಹಾಗಾದರೆ ನನ್ನ ಗಾಡಿಗೆ ಯಾವ ಎಣ್ಣೆ ಅಂದೆ. “ನೋಡೂಣು,” ಅಂದರು. ಮುಂದಿನ ಭಾನುವಾರ ಮತ್ತೆ ಕೇಳಿದೆ. ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಆ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು, ಕಡ್ಡಿಯನ್ನು ಟವೆಲ್ಲಿಗೆ ಒರೆಸಿ, “ನೋಡೂಣು,” ಅಂದರು. ಆ ಟವೆಲ್ಲಿನ ಸಲುವಾಗಿ ಕಾಕೂ, ಅಂದರೆ ಅವರ ಹೆಂಡತಿ, ಒಳಗಿನಿಂದಲೇ ಕೂಗಾಡಿದರು. ಹೀಗೆ ನಾಲ್ಕು ಭಾನುವಾರ ಕಳೆದವು. ಈ ಮನುಷ್ಯನಿಗೆ ಎಲ್ಲವೂ ಗೊತ್ತಿದೆಯೋ ಏನೂ ಗೊತ್ತಿಲ್ಲವೋ ಎಂಬ ಅನುಮಾನ ನನಗೆ ಆಗಲೇ ಶುರುವಾಗಿತ್ತು. ಎಷ್ಟು ವೇಗದಲ್ಲಿ ಓಡಿಸುತ್ತಿ ಎಂದು ಒಮ್ಮೆ ಕೇಳಿದರು. ಎಂಬತ್ತು ಅಂದೆ. ನಕ್ಕರು. “ಹೇಣ್ತಿ ಜೋಡಿ ಇದ್ದಾಗ ಇಪ್ಪತ್ತು ಕಡಿಮಿ ಹೇಳ್ತೀರಿ, ಗೆಳ್ಯಾರ ಜೋಡಿ ಇದ್ದಾಗ ಇಪ್ಪತ್ತು ಹೆಚ್ಚಿಗಿ ಹೇಳ್ತೀರಿ. ನಾ ಬರ್ತೀನಿ ನಡಿ.”

ಮರುದಿನ ನಾನು ಪಾಳಿ ಮುಗಿಸಿ ಮೂರು ಗಂಟೆಗೆ ಹೊರಗೆ ಬಂದರೆ ಕಾಕಾ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದರು. ಎಸ್‌ಟಿ ಬಸ್ಸು ಹಿಡಿದು ತಳೇಗಾಂವದವರೆಗೆ ಬಂದಿದ್ದರು! ಮುಂದೆ ಕೂರಿ ಅಂದರೆ ಒಲ್ಲೆ ಅಂದರು. “ಮುಂದ ಕೂತ್ರ ರಸ್ತಾ ಕಾಣ್ತದ, ಹಿಂದ ಕೂತ್ರ ಡ್ರೈವರ್ ಕಾಣ್ತಾನ.” ಹಿಂದಿನ ಸೀಟಿನ ನಡುವೆ ಕೂತು, ಮುಂದಿನ ಎರಡೂ ಸೀಟುಗಳ ಮೇಲೆ ಕೈಯಿಟ್ಟು, “ದಿನಾ ಹೆಂಗ ಹೊಡೀತೀ ಹಂಗ ಹೊಡಿ,” ಅಂದರು. ನಾನು ಹೆದರುತ್ತಲೇ ಕಾಲು ಒತ್ತಿದೆ. ದೇಹೂ ರೋಡ್ ಬಂತು, ನಿಗಡಿ ಬಂತು. ಹೆದ್ದಾರಿಯಿಂದ ಇಳಿದರೆ ನಮ್ಮ ಸೊಸೈಟಿ ಕೂಗಳತೆಯ ದೂರ. ಗೇಟಿನ ಮುಂದೆ ಬಂದಾಗ ಎಂದಿನಂತೆ ಎಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ಗಾಡಿಯನ್ನು ಸದ್ದಿಲ್ಲದೆ ಉರುಳಿಸುತ್ತ ನನ್ನ ಜಾಗಕ್ಕೆ ತಂದು ನಿಲ್ಲಿಸಿದೆ.

ಹಿಂದಿನಿಂದ ನನ್ನ ಹೆಗಲ ಮೇಲೆ ಪಟ್ಟನೆ ಏಟು ಬಿತ್ತು. “ಏನ್ ಮಾಡಿದಿ?”

“ಮಂದಿ ಮಲಗಿರ್ತಾರ್ರಿ ಕಾಕಾ.”

ಪುಣೆಯ ಮಧ್ಯಾಹ್ನದ ನಿದ್ದೆಯ ಬಗ್ಗೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒಂದರಿಂದ ನಾಲ್ಕರವರೆಗೆ ಇಲ್ಲಿ ಅಂಗಡಿಗಳೇ ಮುಚ್ಚಿರುತ್ತವೆ. ಬೆಲ್ ಬಾರಿಸಬೇಡಿ ಎಂದು ಬಾಗಿಲುಗಳಿಗೆ ಬೋರ್ಡು ನೇತುಹಾಕುತ್ತಾರೆ. ನಮ್ಮ ಸೊಸೈಟಿಯ ಚೇರ್ಮನ್ನರು ನನ್ನ ಗಾಡಿಯ ಸದ್ದಿನ ಮೇಲೆ ಮೀಟಿಂಗಿನಲ್ಲೇ ದೂರಿದ್ದರು. ಅಂದಿನಿಂದ ಗೇಟಿನಲ್ಲೇ ಎಂಜಿನ್ ಆರಿಸಿ ಕಳ್ಳನಂತೆ ಒಳಗೆ ಬರುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ. ಅದು ನನ್ನ ಸಭ್ಯತೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಕಾಕಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮುಖ ಸಣ್ಣದಾಯಿತು. “ಮಂದಿ ನಿದ್ದಿ ಉಳಸಾಕ ಹೋಗಿ ಟರ್ಬೊ ಕೊಂದಿ ನೋಡು. ಹೆದ್ದಾರ್ಯಾಗ ಹೊಡದು ತಂದೀ, ಒಳಗ ಕೆಂಡ ಆಗ್ಯದ. ಎಂಜಿನ್ ಬಂದ್ ಮಾಡಿದ ಕೂಡ್ಲೆ ಎಣ್ಣಿ ತಿರಗೂದು ನಿಂತು ಅಲ್ಲೇ ಕೂಡ್ತದ. ಕಾದ ಬಾಣಲ್ಯಾಗ ಒಗ್ಗರಣಿ ಎಣ್ಣಿ ಬಿಟ್ಟು ಎದ್ದು ಹೋದ್ರ ಏನಾಗ್ತದ? ಸೀದ ಕರ್ರಗಾಗ್ತದ. ಅದಕ್ಕ ಯಾವ ಎಣ್ಣಿ ಹಾಕಿದ್ರೇನು? ಎರಡು ನಿಮಿಷ ಚಾಲೂ ಇಟ್ಟು ತಣ್ಣಗ ಮಾಡಬೇಕು.”

ನಾನು ಪೆಚ್ಚಾದೆ. ನಿದ್ದೆಯ ಹೊತ್ತಿನಲ್ಲಿ, ಆ ಕುಕ್ಕರನ್ನು, ಗೇಟಿನ ಮುಂದೆ ಎರಡು ನಿಮಿಷ ಚಾಲೂ ಇಡುವುದೆಂದರೆ ಮನೆ ಖಾಲಿ ಮಾಡಲು ಸಿದ್ಧನಾಗಬೇಕು. ಕಾಕಾ ಅದಕ್ಕೂ ದಾರಿ ಹೇಳಿದರು. “ನಮ್ಮ ಮನಿ ಮುಂದ ನಿಂದರಸು. ಅಲ್ಲಿ ರಿಕ್ಷಾದವರ ಗದ್ದಲ ಹೆಂಗೂ ಇರ್ತದ, ನನಗ ಕಿವಿ ಕೇಳೂದಿಲ್ಲ. ಎರಡು ನಿಮಿಷ ಆದಮ್ಯಾಲ ಮೆಲ್ಲಕ ಹೋಗಿ ಬಂದ್ ಮಾಡು.”

ಹೀಗೆ ಶುರುವಾದದ್ದು ಆರು ವರ್ಷ ನಡೆಯಿತು. ಮೂರೂವರೆಯ ಸುಮಾರಿಗೆ ನಾನು ಬಂದು ನಿಲ್ಲಿಸುವುದು, ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಬರುವುದು, ಬಾನೆಟ್ಟಿನ ಮೇಲೆ ಒಂದು ಕೈ, ಇನ್ನೊಂದು ಕೈಯ ಗಡಿಯಾರದ ಮೇಲೆ ಕಣ್ಣು. ಎರಡು ನಿಮಿಷದಲ್ಲಿ ಒಂದು ಮಾತಿಗಿಂತ ಹೆಚ್ಚು ಹಿಡಿಸುವುದಿಲ್ಲ. ಪುಣೆಯ ಜೋಳದ ಹಿಟ್ಟಿಗೆ ಜಿಗುಟಿಲ್ಲ ಅನ್ನುವುದು ಒಂದು ದಿನ. ಒಬ್ಬ ಪಂಜಾಬಿ ಸುಬೇದಾರ ಇವರಿಂದ ‘ಉಣ್ಣಾಕ ಬರ್ರಿ’ ಅನ್ನುವುದನ್ನು ಕಲಿತು ಇಡೀ ವರ್ಕ್‌ಶಾಪನ್ನು ಊಟಕ್ಕೆ ಕರೆದದ್ದು ಇನ್ನೊಂದು ದಿನ. ಗಡಿಯಾರ ನೋಡಿ, “ಹೋಗಿನ್ನ,” ಅಂದರೆ ಕಥೆ ಅರ್ಧವಿದ್ದರೂ ಹೊರಡಬೇಕು. ಉಳಿದರ್ಧವನ್ನು ಮರುದಿನ ಅವರು ಎಂದೂ ಹೇಳುತ್ತಿರಲಿಲ್ಲ.

ಆದರೆ ಎಣ್ಣೆಯ ಪ್ರಶ್ನೆ ನನ್ನ ತಲೆಯಿಂದ ಇಳಿದಿರಲಿಲ್ಲ. ಕಾರಣ ಸಿಕ್ಕರೂ ಭಯ ಹೋಗದ ಜಾತಿ ನನ್ನದು. ಮೊದಲ ತಿಂಗಳಲ್ಲೇ ಮತ್ತೆ ಮತ್ತೆ ಕೇಳಿ ಅವರನ್ನು ಪೀಡಿಸಿದೆ. ಕೊನೆಗೊಂದು ದಿನ ಅವರು ಕ್ಯಾಲೆಂಡರಿನ ಹಾಳೆಯ ಚೂರೊಂದನ್ನು ನನ್ನ ಕೈಗಿಟ್ಟರು. ಪೆನ್ಸಿಲಿನಲ್ಲಿ ದೊಡ್ಡ ಕನ್ನಡ ಅಂಕಿಗಳು: ೧೫, ೪೦. ಕೆಳಗೆ ‘ಡೀಸೆಲ್‌ದು’ ಎಂದಿತ್ತು.

“ಮೂರು ದಿನ ಟ್ರಾನ್ಸ್‌ಪೋರ್ಟ್ ನಗರಕ್ಕ ಹೋಗಿ ಟರ್ಬೊ ಇದ್ದ ಟ್ರಕ್ಕಿನವರನ್ನೆಲ್ಲಾ ಕೇಳಿ ಬಂದೀನಿ. ಇದನ್ನ ಹಾಕು. ಒಂದ ಹಾಕು. ಎಲ್ಲಾರ ಮಾತು ಕೇಳಿ ಎಂಜಿನ್ನಿಗೆ ಕಷಾಯ ಮಾಡಬ್ಯಾಡ.”

ಚೀಟಿ ಹಿಡಿದು ಅಂಗಡಿಗೆ ಹೋದೆ. ಅಂಗಡಿಯವನು ಎರಡು ಡಬ್ಬಿಗಳನ್ನು ಮುಂದಿಟ್ಟ. ಒಂದು ಕಾಕಾ ಬರೆದ ಟ್ರಕ್ಕಿನ ಎಣ್ಣೆ, ಇನ್ನೊಂದು ಗ್ಯಾರೇಜಿನವನು ಹೇಳಿದ ಸಿಂಥೆಟಿಕ್. ಎಷ್ಟು ಹೊತ್ತು ನಿಂತೆನೋ! ಕಾಕಾ ಅಂದರೆ ನಮ್ಮವರು, ಮೂರು ದಿನ ಬಿಸಿಲಲ್ಲಿ ತಿರುಗಿದವರು. ಗ್ಯಾರೇಜಿನವನು ಟರ್ಬೊ ಕೂರಿಸಿದವನು, ಕೆಟ್ಟರೆ ನೋಡಬೇಕಾದವನು. ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಸಿಂಥೆಟಿಕ್ ಡಬ್ಬಿಯನ್ನೇ ಕೊಂಡೆ, ಅವತ್ತೇ ಹಾಕಿಸಿದೆ. ತಪ್ಪು ಅದಲ್ಲ. ಅದು ತಪ್ಪೇ ಅಲ್ಲವೆಂದು ಈಗಲೂ ವಾದಿಸಬಲ್ಲೆ.

ಮರುದಿನ ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದರು. “ಹಾಕಿದೇನು?”

“ಹಾಕೀನ್ರಿ ಕಾಕಾ. ನೀವು ಹೇಳಿದ್ದ.”

ಯಾಕೆ ಹಾಗಂದೆ? ಅವರಿಗೆ ನೋವಾಗಬಾರದೆಂದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಾಗಿ ಹೇಳಬೇಕೆಂದರೆ ಹೆದರಿದೆ, ಅಷ್ಟೇ. ಆ ಭಾನುವಾರ ಅವರು ಬಾನೆಟ್ ತೆಗೆದು, ಡಿಪ್‌ಸ್ಟಿಕ್ ಎಳೆದು, ಮೂಗಿಗೆ ಹಿಡಿದರು. ಸ್ವಲ್ಪ ಹೊತ್ತು ಹಾಗೇ ನಿಂತರು. ಟವೆಲ್ಲಿಗೆ ಒರೆಸಿ ಕಡ್ಡಿಯನ್ನು ಒಳಗಿಟ್ಟು, “ಪಾಡ ಅದ,” ಚೆನ್ನಾಗಿದೆ, ಅಂದು ಬಾನೆಟ್ ಮುಚ್ಚಿದರು. ಆಮೇಲೆ ಯಾವ ಭಾನುವಾರವೂ ಅವರು ಡಿಪ್‌ಸ್ಟಿಕ್ ಮುಟ್ಟಲಿಲ್ಲ. ನನ್ನ ಮೇಲೆ ಪೂರ್ತಿ ನಂಬಿಕೆ ಬಂತು ಅಂದುಕೊಂಡೆ.

ಅಲ್ಲಿಂದ ಮುಂದೆ ಎರಡು ನಿಮಿಷ ಮುಗಿಯುವ ಹೊತ್ತಿಗೆ ಅವರದೊಂದು ಪ್ರಶ್ನೆ ತಪ್ಪುತ್ತಿರಲಿಲ್ಲ. “ಎಣ್ಣಿ ಹೆಂಗದ, ತಮ್ಮಾ?” ನಾನು, “ಚಲೋ ಅದ್ರಿ ಕಾಕಾ,” ಅನ್ನುತ್ತಿದ್ದೆ. ಅವರು ತುಸು ತಡೆದು, “ಹೂಂ, ಹೋಗಿನ್ನ,” ಅನ್ನುತ್ತಿದ್ದರು. ಎಷ್ಟೋ ಸಲ ನಿಜ ಹೇಳಿಬಿಡಬೇಕು ಎಂದು ತಳೇಗಾಂವದಿಂದಲೇ ಮಾತು ಜೋಡಿಸಿಕೊಂಡು ಬಂದದ್ದುಂಟು. ಒಂದು ಸಲ, “ಕಾಕಾ, ಒಂದು ಮಾತು,” ಎಂದೂ ಬಿಟ್ಟೆ. ಅವರು ಎಡಗಿವಿ ನನ್ನತ್ತ ತಿರುಗಿಸಿ ಬಗ್ಗಿದರು. ನಾನು ಮಳೆಗಾಲದ ಟೈರಿನ ಬಗ್ಗೆ ಕೇಳಿದೆ. ಟೈರಿನ ಬಗ್ಗೆ ಅವರು ಉತ್ತರ ಕೊಟ್ಟರೋ ಇಲ್ಲವೋ ನೆನಪಿಲ್ಲ.

ಎರಡನೆಯ ಟರ್ಬೊ ಸುಡಲಿಲ್ಲ. ಇವತ್ತಿಗೂ ಅದೇ ಇದೆ. ಉಳಿದದ್ದು ಗ್ಯಾರೇಜಿನವನ ಎಣ್ಣೆಯಿಂದಲೋ, ಕಾಕಾ ಅವರ ಎರಡು ನಿಮಿಷದಿಂದಲೋ, ಟ್ರಕ್ಕಿನ ಎಣ್ಣೆ ಹಾಕಿದ್ದರೂ ಉಳಿಯುತ್ತಿತ್ತೋ, ನನಗೆ ಗೊತ್ತಿಲ್ಲ. ಯಾರನ್ನು ಕೇಳಿದರೂ ಮತ್ತೆ ಮೂರು ಉತ್ತರ ಬರುತ್ತವೆ.

ಹೋದ ತಿಂಗಳು ನಾಲ್ಕೇ ದಿನದ ಜ್ವರ, ಕಾಕಾ ಹೋಗಿಬಿಟ್ಟರು. ಕರ್ಮಾಂತರ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಒಂದು ಮಧ್ಯಾಹ್ನ, ಆಫೀಸಿನಿಂದ ಬರುತ್ತ, ಅವರ ಮನೆಗೆ ಹೋದೆ. ಕಾಕೂ ಚಹಾ ಕೊಟ್ಟು ಎದುರಿಗೆ ಕೂತರು. ಅವರೇ, “ಗಾಡಿ ಹೆಂಗದ್ರಿ?” ಎಂದು ಕೇಳಿದರು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಒಂದಿಷ್ಟು ಸಮಾಧಾನವಾಗಲಿ ಎಂದು, “ಚಲೋ ಅದ್ರಿ ಕಾಕೂ. ಕಾಕಾ ಹೇಳಿದ ಎಣ್ಣಿಯಿಂದನ ಉಳದದ ಅದು,” ಅಂದೆ.

ಕಾಕೂ ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ, ತುಟಿಯಲ್ಲಿ ಸಣ್ಣ ನಗುವಿತ್ತು.

“ಅವರು ಹೇಳಿದ್ದು ನೀವು ಹಾಕೇ ಇಲ್ಲಲ್ರಿ. ಮೊದಲನೇ ಐತವಾರನ ಕಡ್ಡಿ ಮೂಸಿ ನೋಡಿ ಬಂದು ಹೇಳಿದ್ರು ನನಗ. ಮೂವತ್ತೆಂಟು ವರ್ಷ ಟ್ರಕ್ಕಿನ ಎಣ್ಣಿ ವಾಸನಿ ಕುಡದಾರ, ನಿದ್ದ್ಯಾಗ ಮೂಗಿಗೆ ಹಿಡಿದ್ರೂ ಗುರ್ತಾ ಹಿಡೀತಿದ್ರು. ‘ಚಲೋ ಆತು ಬಿಡು, ವರ್ಕ್‌ಶಾಪಿನಾಗ ಡ್ರಮ್ಮಿನ ಮ್ಯಾಲಿನ ನಂಬರ ನೋಡಿ ಹಾಕಿದಾಂವ ನಾನು, ಎಣ್ಣಿ ಆರಿಸಿದಾಂವ ಅಲ್ಲ. ನನ್ನ ಮಾತು ಕೇಳಿ ಅಂವನ ಗಾಡಿ ಕೆಟ್ಟಿದ್ರ ನಾ ಏನ್ ಮಾಡ್ತಿದ್ದೆ?’ ಅಂದ್ರು.”

ಕೈಯಲ್ಲಿನ ಕಪ್ಪನ್ನು ಕೆಳಗಿಟ್ಟೆ. “ಮತ್ತ ನನಗ್ಯಾಕ ಏನೂ ಅನ್ನಲಿಲ್ರಿ? ದಿನಾ ಬಂದು ನಿಂತಿದ್ರಲ್ಲ?”

“ನಾನೂ ಅದನ್ನ ಕೇಳ್ತಿದ್ದೆ. ಮಲಗೂ ಹೊತ್ತಿನಾಗ ಬಿಸಲಾಗ ಹೋಗಿ ಯಾಕ ನಿಂದರ್ತೀರಿ, ಗಾಡಿ ತನ್ನಷ್ಟಕ್ಕ ತಾನ ತಣ್ಣಗಾಗ್ತದಲ್ಲ ಅಂತಿದ್ದೆ. ‘ತಡಿ, ಇವತ್ತ ಹೇಳ್ತಾನ’ ಅಂತ ಟವೆಲ್ ಹಾಕ್ಕೊಂಡು ಹೋಗ್ತಿದ್ರು. ಒಳಗ ಬಂದು, ‘ಇವತ್ತೂ ಹೇಳಲಿಲ್ಲ. ನಾಳಿಗೆ ಹೇಳ್ತಾನ’ ಅಂತ ಮಲಗ್ತಿದ್ರು.”